ಪುಣ್ಯಸ್ಮರಣೆಯ ಪುಟದ ಮೇಲೆ ನಿಂತವಳು

ಭದ್ರಾವತಿಯ ಪೇಪರ್ ಟೌನಿನಲ್ಲಿ ಶಿವಮೂರ್ತಪ್ಪನವರ ಮನೆಗೆ ಹೋದವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತಿತ್ತು. ಆ ಮನೆಯಲ್ಲಿ ಕಾಗದಕ್ಕೆ ಕಾಲು ತಾಗಬಾರದು. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಅವರ ಮನೆಯಲ್ಲಿ ಕಡಲೆಕಾಯಿ ಕಟ್ಟಿಕೊಟ್ಟ ಪೊಟ್ಟಣದ ಹಾಳೆಗೂ ಅದೇ ಮರ್ಯಾದೆ.

ಶಿವಮೂರ್ತಪ್ಪ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಸುದ್ದಿಪತ್ರಿಕೆ ಅಚ್ಚಾಗುವ ಕಾಗದ ದೊಡ್ಡ ಸುರುಳಿಗಳಾಗಿ ಹೊರಬರುವ ಕಡೆ ನಿಂತು, ಹರಿದದ್ದನ್ನೂ ಸುಕ್ಕಾದದ್ದನ್ನೂ ಬೇರೆ ಮಾಡುವುದು ಅವರ ಕೆಲಸ. ಬೆಳಿಗ್ಗೆ ಪೇಪರ್ ಬಂದರೆ ಸುದ್ದಿ ಓದುವ ಮೊದಲು ಅದರ ಅಂಚನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತಿದ್ದರು. "ನಮ್ದೇ ಇದು" ಎಂದು ಖುಷಿಪಟ್ಟು ಆಮೇಲೆ ಕನ್ನಡಕ ಹಾಕುತ್ತಿದ್ದರು. ಕೆಟ್ಟ ಹಾಳೆಯನ್ನು ಏನು ಮಾಡುತ್ತೀರಿ ಎಂದು ಮಗಳು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಳು. "ಸುಡಲ್ಲ, ಎಸೆಯಲ್ಲ ಮಗಳೇ. ನೀರಿಗೆ ಹಾಕ್ತೀವಿ. ಕರಗಿ ಮತ್ತೆ ತಿರುಳಾಗತ್ತೆ. ಹಾಳೆಗೆ ಸಾವು ಅನ್ನೋದಿಲ್ಲ" ಎಂದಿದ್ದರು.

ಆ ಮಗಳೇ ತನುಜಾ. ಈಗ ಶಿವಮೊಗ್ಗದ ಆಲ್ಕೊಳದಲ್ಲಿ ನಮ್ಮ ಹಿಂದಿನ ಬೀದಿಯಲ್ಲಿದ್ದಾಳೆ. ಸೋಮವಾರ ಸಂಜೆ ಗುಡಿಯಲ್ಲಿ ಹೂ ಕಟ್ಟಲು ಕೂತಾಗ ಅವಳು ಸ್ವಲ್ಪ ಸ್ವಲ್ಪವಾಗಿ ಹೇಳಿದ್ದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಶಿವಮೂರ್ತಪ್ಪನವರ ಜೊತೆ ಅದೇ ಪಾಳಿಯಲ್ಲಿ ದುಡಿಯುತ್ತಿದ್ದವರು ಭೈರಪ್ಪ. ಪಕ್ಕದ ಕ್ವಾರ್ಟರ್ಸಿನವರು. ಅವರನ್ನು ತನುಜಾ ಚಿಕ್ಕಪ್ಪ ಎಂದೂ ಅವರ ಹೆಂಡತಿ ವಿಮಲಮ್ಮನವರನ್ನು ಚಿಕ್ಕಮ್ಮ ಎಂದೂ ಕರೆದು ಬೆಳೆದವಳು. ಅವಳು ಮೊದಲು ಚಿತ್ರ ಬರೆದದ್ದು ಭೈರಪ್ಪ ಕಾರ್ಖಾನೆಯಿಂದ ತಂದುಕೊಡುತ್ತಿದ್ದ ತುಂಡು ಕಾಗದದ ಮೇಲೆ. "ಬರಿ ಬರಿ, ಕಾಗದಕ್ಕೇನು ಬರಗಾಲ ಇಲ್ಲ ನಮ್ಮೂರಲ್ಲಿ" ಎನ್ನುತ್ತಿದ್ದರಂತೆ. ಅವಳು ದಾವಣಗೆರೆಯಲ್ಲಿ ಚಿತ್ರಕಲೆ ಓದುತ್ತಿದ್ದಾಗ ಭೈರಪ್ಪ ಎದೆನೋವು ಬಂದು ತೀರಿಕೊಂಡರು. ಸುದ್ದಿ ಕೇಳಿ ಬಸ್ಸು ಹಿಡಿದು ಬಂದಾಗ ಅವರ ಮನೆಯ ಮುಂದೆ ಚಪ್ಪಲಿಗಳ ರಾಶಿಯಿತ್ತು. ಪಾಳಿಯಿಂದ ನೇರವಾಗಿ ಬಂದವರ ಬೂಟು, ಹೆಂಗಸರ ಹವಾಯಿ, ಉಂಗುಷ್ಟ ಕಿತ್ತು ದಾರ ಕಟ್ಟಿದ ಚರ್ಮದ ಜೋಡು. ಒಳಗೆ ಅಳು ಕೇಳುತ್ತಿತ್ತು. ಅವಳು ಒಳಗೆ ಹೋಗಲಾರದೆ ಆ ಚಪ್ಪಲಿಗಳನ್ನೇ ನೋಡುತ್ತ ನಿಂತುಬಿಟ್ಟಳು. ಒಂದರ ಮೇಲೊಂದು ಬಿದ್ದಿದ್ದ ಆ ರಾಶಿ ಅವಳ ಮನಸ್ಸಿನಲ್ಲಿ ಹಾಗೇ ಉಳಿಯಿತು.

ಓದು ಮುಗಿದು, ಮದುವೆಯಾಗಿ ಶಿವಮೊಗ್ಗಕ್ಕೆ ಬಂದಳು. ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆದಳು. ಕಾಲೇಜಿನಲ್ಲಿ ಅವಳು ಕಲಿತದ್ದು ಅಚ್ಚಿನ ಚಿತ್ರ. ಲಿನೋಲಿಯಂ ಹಾಳೆಯಲ್ಲಿ ಉಳಿಯಿಂದ ಚಿತ್ರ ಕೊರೆದು, ಮಸಿ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆಯುವುದು. ಒತ್ತಲು ಕಾಲೇಜಿನಲ್ಲಿ ಕಬ್ಬಿಣದ ದೊಡ್ಡ ಯಂತ್ರವಿತ್ತು. ಮನೆಯಲ್ಲಿ ಎಲ್ಲಿಂದ ಬರಬೇಕು? ಯಂತ್ರವಿಲ್ಲದವರು ಎಲ್ಲೆಡೆ ಮಾಡುವುದನ್ನೇ ಅವಳೂ ಮಾಡಿದಳು. ನುಣುಪಾದ ನೆಲದ ಮೇಲೆ ಕಾಗದ ಹಾಸಿ, ಮಸಿ ಹಚ್ಚಿದ ಲಿನೋವನ್ನು ಅದರ ಮೇಲೆ ಮಗುಚಿ, ಅದರ ಬೆನ್ನ ಮೇಲೆ ಬರಿಗಾಲಲ್ಲಿ ನಿಂತು, ಹಿಮ್ಮಡಿಯಿಂದ ಮೂಲೆ ಮೂಲೆ ತುಳಿಯುವುದು.

ಗಂಡ ಮಲ್ಲೇಶ್ ಔಷಧದ ಅಂಗಡಿಯಿಂದ ಊಟಕ್ಕೆ ಬಂದವನು ಬಾಗಿಲಲ್ಲೇ ನಿಂತು ನಗುತ್ತಿದ್ದ. "ನಿನ್ನ ತೂಕ ಸಾಲ್ದಿದ್ರೆ ನನ್ನ ಕರಿ ಮಾರಾಯ್ತಿ. ಇಬ್ರೂ ನಿಂತ್ರೆ ಚಿತ್ರ ನೆಲದ ಕೆಳಗಿನ ಮನೆಗೂ ಬೀಳತ್ತೆ."

"ಕೆಳಗೆ ಯಾವ ಮನೇನೂ ಇಲ್ಲ, ಸುಮ್ನೆ ಊಟಕ್ಕೆ ಕೂತ್ಕೊಳಿ" ಎನ್ನುತ್ತಿದ್ದಳು ತನುಜಾ.

ತಂದೆ ಮಾತ್ರ ಇದನ್ನು ನೋಡಿರಲಿಲ್ಲ. ಯಂತ್ರವಿಲ್ಲದೆ ಹೇಗೆ ಒತ್ತುತ್ತೀಯ ಎಂದು ಅವರು ಕೇಳಿದಾಗ, "ಒಂದು ಭಾರ ಇಟ್ಟು ಒತ್ತುತೀನಿ ಅಪ್ಪಾಜಿ" ಎಂದಿದ್ದಳು. ಆಗ ಅದು ಸುಳ್ಳು ಎಂದು ಅವಳಿಗೆ ಅನ್ನಿಸಿರಲಿಲ್ಲ.

ಆ ದಿನಗಳಲ್ಲಿ ಅವಳಿಗೆ ಸುದ್ದಿಪತ್ರಿಕೆಯ ಮೇಲೆಯೇ ಅಚ್ಚು ತೆಗೆಯುವ ಹುಚ್ಚು ಹಿಡಿದಿತ್ತು. ಬೆಳಿಗ್ಗೆ ಬಿಸಿಬಿಸಿಯಾಗಿ ಬರುವ ಸುದ್ದಿ ಸಂಜೆಗೆ ಬೋಂಡಾ ಕಟ್ಟುವ ಹಾಳೆಯಾಗುತ್ತದೆ. ಊರಿಗೆಲ್ಲ ತಿಳಿದ ಸಾವು ಮಾರನೆಯ ದಿನ ಯಾರಿಗೂ ನೆನಪಿರುವುದಿಲ್ಲ. ಇದನ್ನು ಚಿತ್ರದಲ್ಲಿ ಹೇಳಬೇಕು ಎಂದು ಅವಳ ಆಸೆ. ಭೈರಪ್ಪನವರ ಮನೆ ಮುಂದಿನ ಚಪ್ಪಲಿಗಳು ಆಗ ನೆನಪಾದವು. ಅವನ್ನು ಬಹಳ ಪ್ರೀತಿಯಿಂದ ಕೊರೆದಳು. ಹೊಲಿಗೆ, ಸವೆದ ಹಿಮ್ಮಡಿ, ದಾರ ಕಟ್ಟಿದ ಉಂಗುಷ್ಟ ಎಲ್ಲವೂ ಬಂದವು. ಅಚ್ಚು ಹಾಕಲು ಅವಳು ಆರಿಸಿದ್ದು ಪುಣ್ಯಸ್ಮರಣೆಯ ಜಾಹೀರಾತುಗಳ ಪುಟ. ಸಾವಿನ ಮನೆಯ ಚಪ್ಪಲಿ, ಸತ್ತವರ ಪುಟ, ಎರಡೂ ಒಂದಕ್ಕೊಂದು ಹೊಂದುತ್ತವೆ ಎಂದುಕೊಂಡಳು.

ಕೋಟೆಯ ಹತ್ತಿರ ಒಂದು ಸಣ್ಣ ದಿನಪತ್ರಿಕೆಯ ಕಚೇರಿಯಿತ್ತು. ಮಾರಾಟವಾಗದೆ ಉಳಿದ ಪ್ರತಿಗಳನ್ನು ಅಲ್ಲಿ ಕಟ್ಟು ಕಟ್ಟಿ ಮೂಲೆಗೆ ಒಟ್ಟಿದ್ದರು. ತನುಜಾ ಕಟ್ಟುಗಳನ್ನು ಬಿಚ್ಚಿ, ಸಣ್ಣ ಸಣ್ಣ ಮುಖಗಳು ಸಾಲಾಗಿ ಬಂದ ಒಂದು ಪುಟವನ್ನು ಹುಡುಕಿದಳು. ಬೂದು ಬಣ್ಣ ಎಲ್ಲಿ ದಟ್ಟ, ಎಲ್ಲಿ ತೆಳು ಎಂದು ನೋಡಿದಳು. ಕಣ್ಣು ಕಿರಿದು ಮಾಡಿ ದೂರದಿಂದಲೂ ನೋಡಿದಳು. ಹತ್ತಿರದಿಂದ ಓದಲಿಲ್ಲ. ಆ ಒಂದೇ ದಿನದ ಪ್ರತಿಗಳನ್ನೆಲ್ಲ ಆಟೋದಲ್ಲಿ ತುಂಬಿಕೊಂಡು ಬಂದಳು. ಪ್ರತಿಯೊಂದು ಅಚ್ಚೂ ಒಂದೇ ಥರ ಬರಬೇಕೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಎಲ್ಲ ಪುಟಗಳನ್ನೂ ಒಂದೇ ಜಾಗದಲ್ಲಿಟ್ಟು ತುಳಿದಳು. ಅಚ್ಚಿನ ಕೆಲಸದಲ್ಲಿ ಅದು ಶಿಸ್ತು. ಹಾಗಾಗಿ ಯಾವ ಮುಖದ ಮೇಲೆ ಯಾವ ಚಪ್ಪಲಿ ಬಂದಿತ್ತೋ, ಎಲ್ಲ ಪ್ರತಿಗಳಲ್ಲೂ ಅದೇ ಬಂತು.

ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಜ್ಞಾನೇಶ್ ಎಂಬಾತನಿಗೆ ಈ ಚಿತ್ರಗಳೆಂದರೆ ಬಹಳ ಅಭಿಮಾನ. ಅವನೇ ಓಡಾಡಿ ಒಂದು ಸಭಾಂಗಣ ಗೊತ್ತುಮಾಡಿ ಪ್ರದರ್ಶನ ಏರ್ಪಡಿಸಿದ. ಆಮಂತ್ರಣದ ಮೇಲೆ ಚಪ್ಪಲಿಗಳ ಚಿತ್ರವನ್ನೇ ಚಿಕ್ಕದಾಗಿ ಅಚ್ಚು ಹಾಕಿಸಿದ. ಒಂದು ಪ್ರತಿಯನ್ನು ಮೊದಲೇ ಬೆಂಗಳೂರಿನ ಒಂದು ಕಲಾಸಂಸ್ಥೆಗೆ ಕಳಿಸಿದ್ದ. ಅವರು ಮೆಚ್ಚಿ ತಮ್ಮ ಸಂಗ್ರಹಕ್ಕೆ ಸೇರಿಸಿಕೊಂಡಿದ್ದರು. ದಾವಣಗೆರೆಯ ಗುರುಗಳಿಗೆ ಒಂದು ಹೋಗಿತ್ತು. ಪರಿಚಯದ ಡಾಕ್ಟರೊಬ್ಬರು ಒಂದನ್ನು ತಮ್ಮ ಕ್ಲಿನಿಕ್ಕಿನಲ್ಲಿ ಹಾಕಿಸಿಕೊಂಡಿದ್ದರು. ಉಳಿದವು ಮನೆಯಲ್ಲಿದ್ದವು.

ಆಮಂತ್ರಣ ಪೇಪರ್ ಟೌನಿಗೂ ಹೋಯಿತು. ಶಿವಮೂರ್ತಪ್ಪ ಅದನ್ನು ಬೀದಿಯವರಿಗೆಲ್ಲ ತೋರಿಸಿದರು. ವಿಮಲಮ್ಮ ಒಂದನ್ನು ಕೇಳಿ ಪಡೆದು, ನಮ್ಮ ಹುಡುಗಿಯ ಹೆಸರಿದೆ ಎಂದು ದೇವರ ಗೂಡಿನಲ್ಲಿ ಪಟದ ಪಕ್ಕ ಇಟ್ಟರು. ಚಿಕ್ಕ ಚಿತ್ರವಾದ್ದರಿಂದ ಅದರೊಳಗಿನ ಮುಖಗಳು ಯಾರ ಕಣ್ಣಿಗೂ ಬೀಳಲಿಲ್ಲ.

ಪ್ರದರ್ಶನದ ದಿನ ಇಬ್ಬರೂ ಬೆಳಗಿನ ಬಸ್ಸಿಗೇ ಬಂದಿಳಿದರು. ಶಿವಮೂರ್ತಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ವಿಮಲಮ್ಮ ತಮ್ಮ ಮಗಳ ಮದುವೆಗೆ ಉಟ್ಟಿದ್ದ ಸೀರೆ ಉಟ್ಟಿದ್ದರು.

"ಇಷ್ಟೆಲ್ಲಾ ನೀನೇ ಮಾಡಿದ್ದೇನೆ?" ಎಂದು ವಿಮಲಮ್ಮ ತನುಜಾಳ ಗಲ್ಲ ಹಿಡಿದರು. "ನಿಮ್ಮ ಚಿಕ್ಕಪ್ಪ ಇರಬೇಕಾಗಿತ್ತು. ಕಾಗದ ಕೊಟ್ಟೋನು ನಾನು ಅಂತ ಬಾಗಿಲಲ್ಲೇ ಕೂರ್ತಿದ್ರು."

ಶಿವಮೂರ್ತಪ್ಪ ಒಂದು ಚೌಕಟ್ಟಿನ ಹತ್ತಿರ ಹೋಗಿ ಕಾಗದದ ಅಂಚನ್ನು ದಿಟ್ಟಿಸಿ, "ನಮ್ದೇ ಹಾಳೆ!" ಎಂದರು. ಪಕ್ಕದಲ್ಲಿದ್ದವರೂ ನಕ್ಕರು.

ಅಷ್ಟರಲ್ಲಿ ಜ್ಞಾನೇಶ್ ಯಾರೋ ಅಧಿಕಾರಿಗಳನ್ನು ಕರೆದುಕೊಂಡು ಬಂದ. "ನೋಡಿ ಸಾರ್, ಇದರ ವಿಶೇಷ ಏನು ಅಂದ್ರೆ, ಇವು ಮೆಷಿನ್ನಲ್ಲಿ ಆಗಿದ್ದಲ್ಲ. ತನುಜಾ ಮೇಡಂ ಪೇಪರ್ ಮೇಲೆ ತಾವೇ ನಿಂತು, ಕಾಲಲ್ಲಿ ತುಳಿದು ಅಚ್ಚು ಹಾಕಿದ್ದಾರೆ. ದಿನಾ ಸುದ್ದೀನ ನಾವೆಲ್ಲಾ ತುಳ್ಕೊಂಡು ಮುಂದೆ ಹೋಗ್ತೀವಲ್ಲ ಸಾರ್, ಅದನ್ನೇ ಇವರು ತಮ್ಮ ಕಾಲಲ್ಲೇ ಹೇಳಿದ್ದಾರೆ."

ಅಧಿಕಾರಿ "ಓಹೋ" ಎಂದರು. ಶಿವಮೂರ್ತಪ್ಪ ತಿರುಗಿ ಮಗಳ ಮುಖವನ್ನು ನೋಡಲಿಲ್ಲ. ಅವಳ ಕಾಲುಗಳನ್ನು ನೋಡಿದರು. ತನುಜಾ ಸೀರೆಯ ನೆರಿಗೆಯೊಳಗೆ ಪಾದಗಳನ್ನು ಎಳೆದುಕೊಳ್ಳಲು ನೋಡಿದಳಂತೆ. ಎಷ್ಟು ಎಳೆದರೂ ಬೆರಳುಗಳು ಹೊರಗೇ ಇದ್ದವು.

ಅವಳು ಏನೋ ಹೇಳಬೇಕೆಂದು ಬಾಯಿ ತೆರೆದಾಗ, ಆ ಬದಿಯ ಗೋಡೆಯಿಂದ ವಿಮಲಮ್ಮನ ದನಿ ಬಂತು. "ತನು, ಇಲ್ಲೇನೋ ಧೂಳು ಕೂತಿದೆ ನೋಡು." ಚಪ್ಪಲಿಗಳ ಚಿತ್ರದ ಮುಂದೆ ನಿಂತು ಅವರು ಸೀರೆಯ ಸೆರಗಿನಿಂದ ಗಾಜನ್ನು ಒರೆಸುತ್ತಿದ್ದರು. ಒಂದೇ ಕಡೆ, ಮತ್ತೆ ಮತ್ತೆ.

"ಬಿಡಿ ಚಿಕ್ಕಮ್ಮ, ಸೀರೆ ಹಾಳಾಗತ್ತೆ, ನಾನು ಒರೆಸ್ತೀನಿ" ಎಂದು ತನುಜಾ ಹತ್ತಿರ ಹೋದಳು. ಗಾಜಿನ ಮೇಲೆ ಧೂಳಿರಲಿಲ್ಲ. ಸೆರಗು ಆಡುತ್ತಿದ್ದ ಜಾಗದಲ್ಲಿ ದಾರ ಕಟ್ಟಿದ ಉಂಗುಷ್ಟದ ಚಪ್ಪಲಿಯಿತ್ತು. ಅದರ ಪಟ್ಟಿಗಳ ನಡುವೆ ಎರಡು ಕಣ್ಣು, ಮೀಸೆಯ ಒಂದು ತುದಿ. ಹಿಮ್ಮಡಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಭೈರಪ್ಪ ಎಂಬ ಹೆಸರು, ಅದರ ಕೆಳಗೆ 'ಮಡದಿ ವಿಮಲಮ್ಮ ಮತ್ತು ಮಕ್ಕಳು'.

"ಒರೆಸಿದ್ರೆ ಹೋಗಲ್ಲ ಅಲ್ವೇನೇ?" ಎಂದರು ವಿಮಲಮ್ಮ, ಬಹಳ ಮೆಲ್ಲಗೆ, ಬೇರೆಯವರಿಗೆ ಕೇಳಿಸದ ಹಾಗೆ.

ಬಂದವರ ನಡುವೆ ತನುಜಾಳ ಮಾನ ಹೋಗಬಾರದೆಂದು ವಿಮಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಉಳಿದ ಚಿತ್ರಗಳನ್ನೂ ಒಂದೊಂದಾಗಿ ನೋಡಿದರು. ಯಾರೋ ಕೊಟ್ಟ ಕಾಫಿಯನ್ನೂ ಕುಡಿದರು. ಅವರು ಒಂದು ಮಾತು ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಆ ಕಾಫಿ ಕುಡಿದದ್ದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ ಎಂದು ತನುಜಾ ಈಗಲೂ ಹೇಳುತ್ತಾಳೆ.

ಬಸ್ ಸ್ಟ್ಯಾಂಡಿನಲ್ಲಿ ಹತ್ತುವ ಮುಂಚೆ ಶಿವಮೂರ್ತಪ್ಪ ಒಂದೇ ಮಾತು ಕೇಳಿದರು. "ಭಾರ ಇಟ್ಟು ಒತ್ತುತೀನಿ ಅಂದಿದ್ದೆ. ಆ ಭಾರ ನೀನೇನಾ?"

ವಾಪಸು ಬಂದು ಅವಳು ಚಿತ್ರವನ್ನು ಗೋಡೆಯಿಂದ ಇಳಿಸಿದಳು. ಜ್ಞಾನೇಶ್‌ಗೆ ಕೋಪ ಬಂತು. "ಏನ್ ಮೇಡಂ ಇದು, ಪ್ರದರ್ಶನದ ಜೀವಾನೇ ತೆಗೆದುಬಿಟ್ರಲ್ಲ! ಯಾರೋ ಒಬ್ರಿಗೆ ಬೇಜಾರಾಯ್ತು ಅಂತ..."

"ಯಾರೋ ಅಲ್ಲ ಸಾರ್, ನಮ್ಮ ಚಿಕ್ಕಪ್ಪ."

"ಅದು ನಿಮಗೆ ಗೊತ್ತಿರ್ಲಿಲ್ವಲ್ಲ. ತಪ್ಪಿನ ಪ್ರಶ್ನೆ ಎಲ್ಲಿ ಬಂತು?"

"ಗೊತ್ತಿರ್ಲಿಲ್ಲ" ಎಂದಳು ತನುಜಾ. ಕಟ್ಟು ಬಿಚ್ಚಿ ಪುಟವನ್ನು ಎದುರಿಗೆ ಹಿಡಿದುಕೊಂಡು ಅಷ್ಟು ಹೊತ್ತು ನೋಡಿದವಳು ಒಂದು ಹೆಸರನ್ನೂ ಓದಿರಲಿಲ್ಲ. ಪತ್ರಿಕೆಯ ಬಗ್ಗೆ ಚಿತ್ರ ಮಾಡುತ್ತೇನೆಂದು ಹೊರಟು ಪತ್ರಿಕೆಯನ್ನೇ ಓದಲಿಲ್ಲ. ಆ ರಾತ್ರಿ ದೇವರ ಮುಂದೆ ದೀಪ ಹಚ್ಚಲು ಕೈ ಬರಲಿಲ್ಲ ಎಂದು ನನಗೆ ಹೇಳಿದಳು.

ಮರುವಾರ ಭದ್ರಾವತಿಗೆ ಹೋದಳು. ವಿಮಲಮ್ಮ ಅಕ್ಕಿ ಆರಿಸುತ್ತಿದ್ದರು. ದೇವರ ಗೂಡಿನಲ್ಲಿ ಆಮಂತ್ರಣ ಇರಲಿಲ್ಲ. ತನುಜಾ ಕಾಲಿಗೆ ಬೀಳಲು ಬಗ್ಗಿದಾಗ ಅವರು ಮೊರವನ್ನು ಅಡ್ಡ ಹಿಡಿದರು.

"ಬೇಡ ಕಣೆ. ಕಾಲಿನ ವಿಷಯ ಸಾಕಾಗಿದೆ ನನಗೆ."

ಸ್ವಲ್ಪ ಹೊತ್ತು ಕಲ್ಲು ಆರಿಸಿ ಪಕ್ಕಕ್ಕೆ ಹಾಕುತ್ತ ಕೂತರು. ಆಮೇಲೆ ತಾವೇ ಮಾತು ತೆಗೆದರು. "ನಾನೂ ಪೇಪರ್ ಹಾಸೋಳೇ. ಡಬ್ಬಿ ಕೆಳಗೆ ಹಾಸ್ತೀನಿ, ಬೆಕ್ಕು ಕಕ್ಕಿದ್ರೆ ಅದರಲ್ಲೇ ಬಳೀತೀನಿ. ಯಾರ ಮುಖ ಇತ್ತು ಅಂತ ನಾನ್ಯಾವತ್ತು ನೋಡಿದೀನಿ? ಆದ್ರೆ ತನು, ನಾನು ಅದಕ್ಕೆ ಗಾಜು ಹಾಕ್ಸಿ ಗೋಡೆಗೆ ತೂಗುಹಾಕಿ ಊರೋರ್ನ ಕರೀಲಿಲ್ಲ."

ವಿಮಲಮ್ಮ ಮೊರದ ಅಕ್ಕಿಯನ್ನು ಇನ್ನೊಮ್ಮೆ ಕೇರಿದರು.

"ಪಕ್ಕದಲ್ಲಿ ಬೂಟಿನ ಕೆಳಗೆ ಒಂದು ಹೆಂಗಸಿನ ಮುಖ ಇತ್ತಲ್ಲ, ಅದು ಯಾರು?"

"ಗೊತ್ತಿಲ್ಲ ಚಿಕ್ಕಮ್ಮ."

"ಅವರ ಮನೆಯೋರು ನೋಡಿಲ್ಲ, ಅಷ್ಟೇ."

ಆ ಚಪ್ಪಲಿಗಳು ಇದೇ ಬಾಗಿಲ ಮುಂದಿನವು, ಚಿಕ್ಕಪ್ಪನ ನೆನಪಿಗೇ ಕೊರೆದದ್ದು ಎಂದು ಹೇಳಲು ತನುಜಾ ಹೊರಟಿದ್ದಳು. ಹೇಳಲಿಲ್ಲ. ಹೇಳಿದರೆ ಅದು ನೆಪವಾಗುತ್ತದೆ, ಚಿಕ್ಕಮ್ಮನೇ ತನ್ನನ್ನು ಸಮಾಧಾನ ಮಾಡಬೇಕಾಗುತ್ತದೆ ಅನ್ನಿಸಿತು. ಇವತ್ತಿಗೂ ಅವಳು ಅದನ್ನು ಅವರಿಗೆ ಹೇಳಿಲ್ಲ.

"ನಾನು ಏನ್ ಮಾಡ್ಲಿ ಹೇಳಿ ಚಿಕ್ಕಮ್ಮ" ಎಂದಳು.

"ಅವರ ದಿನ ಬರೋದ್ರೊಳಗೆ ಎಲ್ಲಾನೂ ತಂದುಬಿಡು. ಒಂದೂ ಬಿಡದ ಹಾಗೆ. ಅವರು ಯಾರದೋ ಗೋಡೆ ಮೇಲೆ ಹಂಗಿರೋದು ನನಗೆ ಬೇಡ."

ಅಂದಿನಿಂದ ಅದೇ ಅವಳ ಕೆಲಸವಾಯಿತು. ದಾವಣಗೆರೆಯ ಗುರುಗಳು ಕಾರಣ ಕೇಳಿದವರೇ ಚಿತ್ರವನ್ನು ಗೋಡೆಯಿಂದ ತೆಗೆದು ಕೈಗಿಟ್ಟರು. ಡಾಕ್ಟರು, "ಪೇಶೆಂಟುಗಳೆಲ್ಲ ಇದನ್ನೇ ನೋಡ್ಕೊಂಡು ಕೂತಿರ್ತಿದ್ರು, ಈಗ ನನ್ನ ಮುಖ ನೋಡ್ಬೇಕು" ಎಂದು ಗೊಣಗಿ ಕೊಟ್ಟರು. ಕೊರೆದ ಲಿನೋವನ್ನು ಅವಳು ಚೂರಿಯಿಂದ ಅಡ್ಡಡ್ಡ ಸೀಳಿದಳು, ಮತ್ತೆಂದೂ ಅಚ್ಚಾಗದ ಹಾಗೆ. ಉಳಿದದ್ದು ಬೆಂಗಳೂರಿನದು. ಆ ಕಲಾಸಂಸ್ಥೆಗೆ ತಾನೇ ಹೋಗಿ ಕೇಳಿಕೊಂಡಳು. ಅವರು ಮರ್ಯಾದೆಯಿಂದಲೇ ಕೂರಿಸಿದರು. ಸಂಗ್ರಹಕ್ಕೆ ಸೇರಿದ್ದನ್ನು ಹಿಂದಕ್ಕೆ ಕೊಡುವ ಪದ್ಧತಿ ಇಲ್ಲ ಎಂದರು. ಬದಲಿಗೆ ಬೇರೆ ಚಿತ್ರ ಕೊಡುತ್ತೇನೆ ಎಂದಳು. ಅವರಿಗೆ ಅದೇ ಬೇಕಾಗಿತ್ತು. ಹೊರಗೆ ಬರುವಾಗ ಮೆಟ್ಟಿಲ ತಿರುವಿನಲ್ಲಿ ಅದು ತೂಗುತ್ತಿತ್ತು. ಏರಿ ಇಳಿಯುವವರೆಲ್ಲ ಅದರ ಎದುರೇ ಹಾದುಹೋಗುತ್ತಿದ್ದರು.

ಊರಿಗೆ ಬಂದಾಗ ಮಲ್ಲೇಶ್, "ಅವರಿಗೆ ಹೆಂಗೆ ಗೊತ್ತಾಗತ್ತೆ? ಎಲ್ಲಾ ಬಂತು ಅಂತ ಹೇಳ್ಬಿಡು. ಅವರ ಮನಸ್ಸಾದ್ರೂ ತಣ್ಣಗಾಗತ್ತೆ" ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ತನುಜಾಳೂ ಹಾಗೇ ಹೇಳಿಬಿಡೋಣ ಎಂದುಕೊಂಡಳು. ಭದ್ರಾವತಿಯ ಬಸ್ಸಿನಲ್ಲಿ ಕೂತಾಗಲೂ ಆ ಮಾತನ್ನೇ ಬಾಯಲ್ಲಿ ಜೋಡಿಸಿಕೊಳ್ಳುತ್ತಿದ್ದಳು.

ಅಂದು ಭೈರಪ್ಪನವರ ಪುಣ್ಯಸ್ಮರಣೆಯ ದಿನ. ಬಸ್ಸು ಹತ್ತುವ ಮೊದಲೇ ತನುಜಾ ಕೋಟೆಯ ಹತ್ತಿರದ ಆ ಪತ್ರಿಕೆಯನ್ನು ತರಿಸಿದ್ದಳು. ಪುಣ್ಯಸ್ಮರಣೆಯ ಪುಟವನ್ನು ಈ ಸಲ ಒಂದೊಂದೇ ಹೆಸರು ಓದುತ್ತ ಹೋದಳು. ಪ್ರತಿ ವರ್ಷವೂ ತಪ್ಪದೆ ಬರುತ್ತಿದ್ದ ಭೈರಪ್ಪನವರ ಮುಖ ಅದರಲ್ಲಿರಲಿಲ್ಲ.

ವಿಮಲಮ್ಮನ ಮನೆಯಲ್ಲಿ ಅಯ್ಯನವರ ಪಾದಪೂಜೆ ಮುಗಿದು ಎಡೆ ಹಾಕುವ ಹೊತ್ತಾಗಿತ್ತು. ಬಾಗಿಲ ಮುಂದೆ ಬಂದವರ ಚಪ್ಪಲಿಗಳು ಬಿದ್ದಿದ್ದವು. ತನುಜಾ ತನ್ನವನ್ನು ಅವುಗಳ ಜೊತೆ ಬಿಡಲಾರದೆ ಗೇಟಿನ ಹೊರಗೇ ಬಿಟ್ಟು ಒಳಗೆ ಹೋದಳು. ಹಿತ್ತಿಲಲ್ಲಿ ಶಿವಮೂರ್ತಪ್ಪ ದೊಡ್ಡ ಪಾತ್ರೆಯಲ್ಲಿ ನೀರು ತುಂಬಿಸಿಕೊಂಡು ಕಾಯುತ್ತಿದ್ದರು. ಪ್ರದರ್ಶನದ ದಿನದಿಂದ ಅವರು ಮಗಳ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

"ಕೊಡು" ಎಂದರು.

ಅವಳು ಅಚ್ಚುಗಳ ಸುರುಳಿ ಬಿಚ್ಚಿ ಕೊಟ್ಟಳು. ಅವರು ಒಂದೊಂದು ಹಾಳೆಯನ್ನೂ ಎರಡು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿ ನೀರಿಗೆ ಇಳಿಸಿದರು. ಕಾರ್ಖಾನೆಯಲ್ಲಿ ಕೆಟ್ಟ ಹಾಳೆಗೆ ಮಾಡುತ್ತಿದ್ದ ಹಾಗೆ. ಸುದ್ದಿ ಕಾಗದ ಬೇಗ ನೆನೆಯುತ್ತದೆ. ಅವರು ಅಂಗಿಯ ತೋಳು ಮಡಚಿ, ಮೊಣಕೈವರೆಗೆ ಕೈ ಮುಳುಗಿಸಿ ಕಿವುಚಿದರು. ಚಪ್ಪಲಿಗಳೂ ಮುಖಗಳೂ ಹೆಸರುಗಳೂ ಸೇರಿ ಬೂದು ಗಂಜಿಯಾಯಿತು. ವಿಮಲಮ್ಮ ಬಂದು ಪಕ್ಕದಲ್ಲಿ ನಿಂತು ನೋಡಿದರು.

"ಪೇಪರಿಗೆ ಕೊಡ್ಲಿಲ್ವಾ ಚಿಕ್ಕಮ್ಮ, ಈ ಸಲ?" ಎಂದು ತನುಜಾ ಕೇಳಿದಳು.

"ಇಲ್ಲ. ಇನ್ನು ಕೊಡಲ್ಲ. ಎಲ್ಲೆಲ್ಲಿಗೆ ಹೋಗಿ ಬೀಳತ್ತೋ ಅಂತ ಹೆದರಿಕೆ ಹತ್ತಿಬಿಟ್ಟಿದೆ." ಗಂಜಿಯತ್ತ ಕೈ ತೋರಿಸಿ, "ಎಲ್ಲಾ ಬಂತೇನೇ?" ಎಂದರು.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತು ಬಾಯಲ್ಲೇ ಇತ್ತು. ತಂದೆ ಕಿವುಚುವುದನ್ನು ನಿಲ್ಲಿಸಿ ಅವಳತ್ತ ನೋಡುತ್ತಿದ್ದರು. ಅವರಿಗೆ ಒಮ್ಮೆ ಅರ್ಧ ನಿಜ ಹೇಳಿದ್ದು ಅವಳಿಗೆ ನೆನಪಾಯಿತು.

"ಇಲ್ಲ ಚಿಕ್ಕಮ್ಮ. ಒಂದು ಉಳ್ಕೊಂಡಿದೆ, ಬೆಂಗಳೂರಲ್ಲಿ. ಮೆಟ್ಟಿಲ ಹತ್ರ ಹಾಕಿದಾರೆ. ಕೇಳಿದೆ, ಬೇಡಿಕೊಂಡೆ, ಕೊಡಲ್ಲ ಅಂದ್ರು."

ವಿಮಲಮ್ಮ ಬಗ್ಗಿ, ಪಾತ್ರೆಯ ಅಂಚಿಗೆ ಅಂಟಿದ್ದ ಒಂದು ಚೂರನ್ನು ನೀರಿಗೆ ತಳ್ಳಿದರು. ಒಳಗಿನಿಂದ ಯಾರೋ ಊಟಕ್ಕೆ ಕರೆದರು.

"ಕೇಳ್ತಾ ಇರು. ಕೊಡೋವರೆಗೂ ಕೇಳ್ತಾ ಇರು" ಎಂದರು ಕೊನೆಗೆ. "ನನಗೆ ಬಂದು ಹೇಳು."

ತಿರುಳನ್ನು ಶಿವಮೂರ್ತಪ್ಪ ಪತ್ರೆ ಗಿಡದ ಬುಡಕ್ಕೆ ಹಾಕಿದರು.

ತನುಜಾ ಈಗ ಪತ್ರಿಕೆಯ ಮೇಲೆ ಅಚ್ಚು ತೆಗೆಯುವುದು ಕಡಿಮೆ. ತೆಗೆಯುವ ದಿನ ತಂದೆ ಬಸ್ಸಿನಲ್ಲಿ ಬಂದು, ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದುತ್ತಾರೆ. ಅವಳು ಕೇಳಿಸಿಕೊಳ್ಳುತ್ತಾಳೆ. ಬಹಳ ಸಲ, ಓದು ಮುಗಿದ ಮೇಲೆ ಅಚ್ಚು ಹಾಕಲು ಮನಸ್ಸಾಗದೆ ಮಡಿಚಿಡುತ್ತಾಳೆ. ಹಾಕಿದರೂ ಕಾಲಲ್ಲಿ ಒತ್ತುವುದಿಲ್ಲ. ಹಿತ್ತಾಳೆಯ ಚೊಂಬಿನ ತಳದಿಂದ ಕೈ ಸೋಲುವವರೆಗೆ ಉಜ್ಜುತ್ತಾಳೆ. ಚಿತ್ರ ಮೊದಲಿನಷ್ಟು ಕಪ್ಪಾಗಿ ಬರುವುದಿಲ್ಲ.

ಭೈರಪ್ಪನವರ ದಿನ ಹತ್ತಿರ ಬಂದಾಗ ಪ್ರತಿ ವರ್ಷ ಬೆಂಗಳೂರಿಗೆ ಹೋಗಿ ಕೇಳುತ್ತಾಳೆ. ಅಲ್ಲಿನ ಕಾವಲುಗಾರನಿಗೂ ಅವಳ ಗುರುತು ಹತ್ತಿದೆ. "ಅದೇ ಚಪ್ಪಲಿ ಚಿತ್ರಾನಾ ಅಮ್ಮ? ಇದೆ, ಚೆನ್ನಾಗಿದೆ" ಎನ್ನುತ್ತಾನೆ, ಅವಳು ಅದನ್ನು ನೋಡಲು ಬರುತ್ತಾಳೆ ಎಂದುಕೊಂಡು. ಅಲ್ಲಿಂದ ಬಂದ ಮೇಲೆ ಅವಳು ಪೇಪರ್ ಟೌನಿಗೆ ಹೋಗಿ, ಗೇಟಿನ ಹೊರಗೆ ಚಪ್ಪಲಿ ಬಿಟ್ಟು, ಬಾಗಿಲಲ್ಲಿ ನಿಲ್ಲುತ್ತಾಳೆ.

"ಬಂತೇನೇ?" ಎನ್ನುತ್ತಾರೆ ವಿಮಲಮ್ಮ ಒಳಗಿನಿಂದಲೇ.

"ಇಲ್ಲ ಚಿಕ್ಕಮ್ಮ."

"ಸರಿ. ಕೈಕಾಲು ತೊಳ್ಕೊಂಡು ಬಾ, ಎಲೆ ಹಾಕಿದೀನಿ."